ಬೈಬಲ್ ಇರುವಾಗ ಸಂಪ್ರದಾಯ ಯಾಕೆ ಬೇಕು?

ಗೆಳೆಯರು "ಇದು ಬೈಬಲಿನಲ್ಲಿ ಎಲ್ಲಿದೆ?" ಅಂದಾಗ ಕಥೋಲಿಕರಾದ ನೀವು ಏನು ಹೇಳಬೇಕು, ಬೈಬಲ್ ದೊಡ್ಡದೋ ಸಂಪ್ರದಾಯ (ಪ್ರೇಷಿತರಿಂದ, ಅಂದರೆ ಯೇಸು ಕಳಿಸಿದ ಶಿಷ್ಯರಿಂದ, ಧರ್ಮಸಭೆಯಲ್ಲಿ ಹರಿದುಬಂದ ಬೋಧನೆ) ದೊಡ್ಡದೋ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ಕೆಲಸಕ್ಕಿದ್ದಾಗ ಆ "ಎಲ್ಲಿದೆ" ಕೇಳಿ ಎಲ್ಲರ ತಲೆ ತಿನ್ನುತ್ತಿದ್ದವನು ನಾನೇ.

ರೂಮಿನ ಗೆಳೆಯನ ಜೊತೆ ಬೈಬಲ್ ಅಧ್ಯಯನಕ್ಕೆ ಹೋಗಿ ಹೋಗಿ, ವಚನ ತೋರಿಸದೆ ಏನನ್ನೂ ಒಪ್ಪಬಾರದು ಅನ್ನುವ ಹಟ ಹತ್ತಿತ್ತು. ಅದೇ ಹೊತ್ತಿಗೆ ಹರಿಹರದಲ್ಲಿ ಅಜ್ಜಿ ತೀರಿಕೊಂಡಳು. ಅವಳ ಆತ್ಮಶಾಂತಿಗೆ ಚರ್ಚಿನಲ್ಲಿ ಪೂಜೆ ಇಡಿಸಿದ್ದೇನೆ, ಬಾ ಎಂದು ಅವ್ವ ಫೋನ್ ಮಾಡಿದರೆ, "ಸತ್ತವರಿಗೆ ಪ್ರಾರ್ಥನೆ ಬೈಬಲಿನಲ್ಲಿಲ್ಲ" ಅಂದುಬಿಟ್ಟೆ. ಹೋಗಲಿಲ್ಲ. ಆಮೇಲೆ ಊರಿಗೆ ಹೋದಾಗಲೂ ಅವ್ವ ನನ್ನನ್ನು ಜಪಸರದ ಪ್ರಾರ್ಥನೆಗೆ ಕರೆಯುತ್ತಿರಲಿಲ್ಲ.

ಎರಡನೇ ಮಕ್ಕಬಿಯರ ಗ್ರಂಥದ 12ನೇ ಅಧ್ಯಾಯದಲ್ಲಿ ಯೆಹೂದ್ಯರ ಸೇನಾನಾಯಕ ಯೂದ ಮಕ್ಕಬಿಯನು ಸತ್ತ ಸೈನಿಕರ ಪಾಪಪರಿಹಾರಕ್ಕೆ ಜೆರುಸಲೇಮಿಗೆ ಹಣ ಕಳಿಸಿದ್ದಿದೆ. ನನ್ನ ಕೈಲಿದ್ದದ್ದು ಆ ಗ್ರಂಥವೇ ಇಲ್ಲದ, 66 ಗ್ರಂಥಗಳ ಪ್ರೊಟೆಸ್ಟಂಟ್ ಬೈಬಲ್, ಅವ್ವನ ಕಪಾಟಿನಲ್ಲಿದ್ದದ್ದು ಅದೂ ಸೇರಿ 73 ಗ್ರಂಥಗಳ ಕಥೋಲಿಕ ಬೈಬಲ್. ಇದಿಷ್ಟೇ ಆಗಿದ್ದರೆ ಅಜ್ಞಾನ ಅನ್ನಬಹುದಿತ್ತು. ಮಕ್ಕಬಿಯರನ್ನು ತೋರಿಸಿದ್ದರೂ ನಾನು ಇನ್ನೊಂದು ವಚನ ಕೇಳುತ್ತಿದ್ದೆ. ಬೈಬಲಿಗೆ ಯಾವ ಗ್ರಂಥಗಳು ಸೇರಬೇಕು ಅನ್ನುವ ಪರಿವಿಡಿ ಮಾಡಿದವರು ಯಾರು ಅಂತ ಮಾತ್ರ ಕೇಳಲಿಲ್ಲ, ನಾನು ಎಡವಿದ್ದು ಅಲ್ಲಿ. ಹೊಸ ಒಡಂಬಡಿಕೆಗೆ ಸೇರಿದ್ದು ಈ 27 ಗ್ರಂಥಗಳೇ ಅಂತ ಅದರ ಯಾವ ಪುಟದಲ್ಲೂ ಬರೆದಿಲ್ಲ. ಆ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಸಂತ ಅಥನಾಸಿಯುಸರ 367ರ ಪಾಸ್ಕ (ಈಸ್ಟರ್) ಪತ್ರದಲ್ಲಿ ಸಿಗುತ್ತದೆ, 397ರಲ್ಲಿ ಉತ್ತರ ಆಫ್ರಿಕದ ಕಾರ್ತೇಜಿನಲ್ಲಿ ಸೇರಿದ ಬಿಷಪರ ಸಭೆ ಒಪ್ಪಿದ್ದೂ ಅದನ್ನೇ. ಪೂಜೆಯಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಅಂತ ಅಲ್ಲಿಯವರೆಗೆ ಸೋಸಿಕೊಂಡು ಬಂದದ್ದು ಪ್ರೇಷಿತರ ಬೋಧನೆಯನ್ನು ಕೇಳಿ ಬೆಳೆದ ಧರ್ಮಸಭೆ. ಸಂಪ್ರದಾಯ ಬೇಡ ಅನ್ನಲು ನಾನು ಎತ್ತಿ ಹಿಡಿದಿದ್ದ ಪುಸ್ತಕ ನನ್ನ ಕೈಗೆ ಬಂದದ್ದೇ ಸಂಪ್ರದಾಯದಿಂದ.

ಹಾಗಾಗಿ ಯಾವುದು ದೊಡ್ಡದು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಒಂದೇ ದೈವೀ ಒರತೆಯಿಂದ ಬಂದವು ಅಂತ ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1965ರ 'ದೇಯಿ ವೆರ್ಬುಮ್' ಎಂಬ ದಾಖಲೆಯಲ್ಲಿ ಹೇಳಿದೆ. ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗಿದೆ ಅಂತಲೂ ಅಲ್ಲೇ ಇದೆ; ಇದನ್ನು ನಮ್ಮವರೇ ಮರೆಯುತ್ತಾರೆ. ಹಳೆಯದೆಲ್ಲ ಪವಿತ್ರ ಸಂಪ್ರದಾಯವೂ ಅಲ್ಲ. ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹರಕೆಯ ಮೇಣದಬತ್ತಿ ಹಚ್ಚುವುದು ಪದ್ಧತಿ, ಬಿಟ್ಟರೆ ವಿಶ್ವಾಸಕ್ಕೆ ಕುಂದಿಲ್ಲ.

ವಚನಕ್ಕೆ ಪ್ರತಿವಚನ ಹುಡುಕುತ್ತ ಕೂರಬೇಡಿ. ಪರಿವಿಡಿಯ ಪ್ರಶ್ನೆಯನ್ನು ಅವರಿಗೇ ಕೇಳಿ. ಅಷ್ಟಕ್ಕೂ ಬಿಡದಿದ್ದರೆ ಪೌಲನು ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದ 2:15 ಓದಿಸಿ. ಬಾಯಿಮಾತಿನಿಂದಲೋ ಪತ್ರದಿಂದಲೋ ಕಲಿತ ಸಂಪ್ರದಾಯಗಳನ್ನು ಬಿಡಬೇಡಿ ಅನ್ನುತ್ತಾನೆ. (ಹೌದು, ಕೊನೆಗೆ ನಾನೂ ವಚನವನ್ನೇ ಕೊಟ್ಟೆ. ಹಳೇ ಚಾಳಿ.)