ರಕ್ತ ನೀರು ಮಾಡಿಕೊಂಡ ಮೇಷ್ಟ್ರಿಗೆ

ಹೊಳೆನರಸೀಪುರದಿಂದ ಗಣಿತದ ಮೇಷ್ಟ್ರೊಬ್ಬರು ಬರೆದಿದ್ದಾರೆ. ವಯಸ್ಸು 46. ಎಂಟು ತಿಂಗಳಿಂದ ವಾರಕ್ಕೆ ಐದು ದಿನ ಬೆಳಗ್ಗೆ ಓಡುತ್ತಿದ್ದಾರೆ. ಶುರು ಮಾಡುವ ಮೊದಲು ಹಿಮೊಗ್ಲೋಬಿನ್ 14.6 ಇತ್ತು, ಈಗ 13.6. ಹಾಸನದಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ಭಾವಮೈದನದು 16.4. ಆತ ಗಲ್ಲಾಪೆಟ್ಟಿಗೆ ಬಿಟ್ಟು ಏಳುವವರಲ್ಲ. ಹಬ್ಬದ ಊಟಕ್ಕೆ ಕೂತಾಗ, "ಓಡಿ ಓಡಿ ರಕ್ತ ನೀರು ಮಾಡ್ಕೊಂಡ್ರಲ್ಲ ಭಾವ" ಎಂದು ಎಲ್ಲರ ಮುಂದೆ ನಕ್ಕರಂತೆ. "ಸಂಪಾದಕರೇ, ಓಡೋದು ನಿಲ್ಲಿಸಲಾ?" ಎಂಬುದು ಪತ್ರದ ಕೊನೆಯ ಸಾಲು.

ನಿಲ್ಲಿಸಬೇಡಿ ಮೇಷ್ಟ್ರೇ. ನಿಮ್ಮ ಭಾವಮೈದ ಗೇಲಿಗೆ ಹೇಳಿದ್ದು ನಿಜವೇ. ನಿಮ್ಮ ರಕ್ತ ಸ್ವಲ್ಪ ನೀರಾಗಿದೆ. ಎಂಟು ತಿಂಗಳು ಬೆವರು ಸುರಿಸಿ ನೀವು ಸಂಪಾದಿಸಿದ್ದೇ ಅದನ್ನು.

ಗಣಿತದವರಾಗಿ ಇಲ್ಲಿ ಎಡವಿದಿರಲ್ಲ ಅಂತ ನನಗೆ ಸ್ವಲ್ಪ ಬೇಜಾರು. ಲ್ಯಾಬಿನವರು ಕೊಡುವುದು 100 ಮಿಲಿಲೀಟರ್ ರಕ್ತದಲ್ಲಿ ಹಿಮೊಗ್ಲೋಬಿನ್ ಎಷ್ಟು ಗ್ರಾಂ ಎಂಬ ಲೆಕ್ಕ. ಮೈಯಲ್ಲಿ ಒಟ್ಟು ರಕ್ತ ಎಷ್ಟಿದೆ ಅಂತ ಆ ಚೀಟಿ ಹೇಳುವುದಿಲ್ಲ. ಮಾತಿಗೆ, ಮೊದಲು 5 ಲೀಟರ್ ಇತ್ತು ಅನ್ನೋಣ. 14.6ರ ಲೆಕ್ಕದಲ್ಲಿ ಒಟ್ಟು 730 ಗ್ರಾಂ ಆಯಿತು. ಈಗ ಐದೂವರೆ ಲೀಟರ್ ಆಗಿದೆ ಅನ್ನಿ. 13.6ರ ಲೆಕ್ಕದಲ್ಲಿ 748 ಗ್ರಾಂ. ಕಳೆದುಕೊಂಡಿದ್ದು ಏನು? ಹಾಲಿಗೆ ನೀರು ಬೆರೆಸುವ ಲೆಕ್ಕವನ್ನು ಹುಡುಗರ ಕೈಲಿ ಮಾಡಿಸುವವರು ನೀವೇ ಅಲ್ವಾ?

ಓಡಲು ಶುರು ಮಾಡಿದ ಕೆಲವೇ ದಿನಗಳಲ್ಲಿ ಕಿಡ್ನಿ ಉಪ್ಪನ್ನೂ ನೀರನ್ನೂ ಮೊದಲಿಗಿಂತ ಜಾಸ್ತಿ ಉಳಿಸಿಕೊಳ್ಳುತ್ತದೆ. ರಕ್ತದ ದ್ರವ ಭಾಗ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ಕೆಂಪು ಕಣಗಳೂ ಹೆಚ್ಚುತ್ತವೆ, ಆದರೆ ಅವಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ನೀರು ಮುಂದೆ, ಕಣ ಹಿಂದೆ. ಹಾಗಾಗಿ ಚೀಟಿಯಲ್ಲಿ ಅಂಕಿ ಇಳಿಯುತ್ತದೆ. ಡಾಕ್ಟರುಗಳು ಇದನ್ನು ಕ್ರೀಡಾಪಟುಗಳ ಹುಸಿ ರಕ್ತಹೀನತೆ ಅನ್ನುತ್ತಾರೆ. ಹುಸಿ ಅನ್ನುವ ಮಾತನ್ನು ಗಮನಿಸಿ.

ತೆಳ್ಳಗಿದ್ದರೆ ಏನು ಲಾಭ ಅಂತೀರಾ? ನಮ್ಮ ಮನೆಯಲ್ಲಿ ಹುರುಳಿಕಟ್ಟಿನ ಸಾರು ಮಾಡುವುದನ್ನು ನೋಡಿ ನನಗೆ ಇದು ಅರ್ಥವಾಗಿದ್ದು. ನೆಂಟರು ಬರುವುದು ತಡ ಎಂದು ಗೊತ್ತಾದರೆ ಸಾರನ್ನು ತೆಳ್ಳಗೇ ಒಲೆ ಮೇಲಿಡುತ್ತಾರೆ. ಕುದ್ದು ಇಂಗಿದರೂ ಬಡಿಸುವ ಹೊತ್ತಿಗೆ ಹದವಾಗಿರುತ್ತದೆ. ಮೊದಲೇ ಗಟ್ಟಿಯಾಗಿಟ್ಟರೆ ತಳ ಹಿಡಿಯುತ್ತದೆ. ಜೋರಾಗಿ ಓಡುವಾಗ, ಬೆಟ್ಟ ಹತ್ತುವಾಗ ಎಲ್ಲರ ರಕ್ತವೂ ಹೀಗೇ ಇಂಗುತ್ತದೆ. ನೀರಿನ ಪಾಲು ಸ್ನಾಯುಗಳ ಕಡೆ ಜಾರುತ್ತದೆ, ಇನ್ನಷ್ಟು ಬೆವರಾಗಿ ಹೋಗುತ್ತದೆ. ಅಭ್ಯಾಸ ಇರುವವನ ರಕ್ತಕ್ಕೆ ಇಂಗಲು ಜಾಗ ಇರುತ್ತದೆ. ಇಲ್ಲದವನದು ಗಟ್ಟಿಯಾಗೇ ಶುರುವಾಗಿ ಇನ್ನೂ ಗಟ್ಟಿಯಾಗುತ್ತದೆ. ಹೃದಯ ಅದನ್ನೇ ತಳ್ಳಬೇಕು.

ಇನ್ನೊಂದು ಸಂಗತಿ ಇದೆ. ಕೆಂಪು ಕಣದ ಅಗಲ ಏಳೆಂಟು ಮೈಕ್ರಾನ್, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದು ನುಸುಳಬೇಕಾದ ಸಣ್ಣ ರಕ್ತನಾಳ ಎಷ್ಟೋ ಕಡೆ ಐದೇ ಮೈಕ್ರಾನ್. ಮೈ ಮಡಚಿಕೊಂಡು ಹೋಗಬೇಕು. ರಕ್ತ ನಿಧಾನವಾಗಿ ಹರಿದರೆ ಈ ಕಣಗಳು ಒಂದರ ಮೇಲೊಂದು ಅಂಟಿಕೊಳ್ಳುತ್ತವೆ, ಗಲ್ಲಾಪೆಟ್ಟಿಗೆಯಲ್ಲಿ ನಾಣ್ಯ ಜೋಡಿಸಿಟ್ಟ ಹಾಗೆ. ಅಂಟಿಸುವುದು ಮುಖ್ಯವಾಗಿ ಫೈಬ್ರಿನೊಜೆನ್ ಎಂಬ ಪ್ರೋಟೀನ್. ದಿನಾ ಮೈ ಬಗ್ಗಿಸುವವರಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಮತ್ತೆ, ಕಣದ ಆಯಸ್ಸು 120 ದಿನ. ಓಡುವವರ ಅಂಗಾಲಿನ ಪೆಟ್ಟಿಗೆ ಒಂದಷ್ಟು ಕಣ ಒಡೆದೂ ಹೋಗುತ್ತವೆ. ಹಾಗೆ ಒಡೆದ ಕಣಗಳ ಬಣ್ಣ ಇಳಿದು ದೂರ ನಡೆದ ಸೈನಿಕನ ಮೂತ್ರ ಕಪ್ಪಾಗಿದ್ದನ್ನು 1881ರಲ್ಲೇ ಜರ್ಮನಿಯ ಡಾಕ್ಟರೊಬ್ಬರು ಬರೆದಿಟ್ಟಿದ್ದಾರೆ. ಒಡೆದದ್ದರ ಜಾಗಕ್ಕೆ ಹೊಸವು ಬರುತ್ತವೆ. ಎಳೆಯ ಕಣ ಚೆನ್ನಾಗಿ ಬಾಗುತ್ತದೆ.

ಶ್ರವಣಬೆಳಗೊಳದಲ್ಲಿ ಒಂದು ಬೆಳಗ್ಗೆ ನನಗೆ ಇದರ ದರ್ಶನವೇ ಆಯಿತು. ಆಗ ನನ್ನ ಹಿಮೊಗ್ಲೋಬಿನ್ 16 ದಾಟಿತ್ತು, ಅದರ ಜಂಬವೂ ಇತ್ತು. ವಿಂಧ್ಯಗಿರಿಯ ಮೆಟ್ಟಿಲಲ್ಲಿ ಅರ್ಧಕ್ಕೇ ಕಂಬಿ ಹಿಡಿದು ನಿಂತೆ. ಕೆಳಗಿನಿಂದ ಡೋಲಿ ಬಂತು. ಬೆತ್ತದ ಕುರ್ಚಿಯಲ್ಲಿ ನನಗಿಂತ ದಪ್ಪನೆಯ ಅಜ್ಜಿ, ಹೊರುವವರು ನಾಲ್ಕು ಜನ. ಮುಂದಿನವನಿಗೆ ಅರವತ್ತರ ಹತ್ತಿರ. ಸೊಣಕಲು ಮೈ, ಹೆಗಲ ಮೇಲೆ ಮಡಚಿದ ಟವೆಲ್. ನಾನು ನಿಂತಲ್ಲೇ ಅವರು ಬಿದಿರನ್ನು ಎಡ ಹೆಗಲಿನಿಂದ ಬಲಕ್ಕೆ ದಾಟಿಸಿದರು. ಅಷ್ಟು ಹೊತ್ತಿನಲ್ಲಿ ಆತ ಅಜ್ಜಿಯ ಜೊತೆ ಮಗಳ ಮದುವೆ ಸುದ್ದಿ ಮಾತಾಡುತ್ತಿದ್ದ. ಉಸಿರು ಕಟ್ಟಿರಲಿಲ್ಲ. ಆ ಮನುಷ್ಯನ ರಕ್ತ ಪರೀಕ್ಷೆ ಯಾರೂ ಮಾಡಿಸಿರಲಾರರು. ಮಾಡಿಸಿದ್ದರೆ ನನಗಿಂತ ಕಡಿಮೆಯೇ ಬರುತ್ತಿತ್ತು ಎಂದು ಪಂದ್ಯ ಕಟ್ಟಲು ನಾನು ಈಗಲೂ ತಯಾರು.

ಇನ್ನೊಂದು ಕಡೆಯ ವಾದವೂ ಇದೆ, ಹೇಳಿಬಿಡುತ್ತೇನೆ. ಆಮ್ಲಜನಕ ಹೊರುವುದು ಹಿಮೊಗ್ಲೋಬಿನ್ನೇ. ಅದು ನಿಜವಾಗಿ ಕಡಿಮೆಯಾದರೆ ಸುಸ್ತು ಖಂಡಿತ. ಅದರಲ್ಲೂ ಓಡುವ ಹೆಣ್ಣುಮಕ್ಕಳು, ಮಾಂಸ ಮುಟ್ಟದವರು ನನ್ನ ಮಾತು ನಂಬಿ ಸುಮ್ನೆ ಕೂರಬಾರದು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ನೀವೂ ಒಮ್ಮೆ ನೋಡಿಸಿ ಮೇಷ್ಟ್ರೇ, ನಷ್ಟವಿಲ್ಲ.

ಆದರೆ ಗಟ್ಟಿ ರಕ್ತವೇ ಕಸುವು ಅಂತ ನಂಬಿದವರ ಕಥೆಯೂ ಗೊತ್ತಿರಲಿ. ಸೈಕಲ್ ರೇಸಿನವರು ಇಪಿಒ ಎಂಬ ಹಾರ್ಮೋನು ಚುಚ್ಚಿಕೊಂಡು ಕೆಂಪು ಕಣ ಹೆಚ್ಚಿಸಿಕೊಳ್ಳುತ್ತಿದ್ದರು. ಕೊನೆಗೆ 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಗಂಡಸರಿಗೆ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 50 ದಾಟಬಾರದು ಅಂತ ಗೆರೆ ಎಳೆಯಿತು. ನಮ್ಮ ಚೀಟಿಗಳಲ್ಲಿ ಪಿಸಿವಿ ಅಂತ ಬರುತ್ತಲ್ಲ, ಅದೇ. ಹಿಮೊಗ್ಲೋಬಿನ್ನನ್ನು ಮೂರರಿಂದ ಗುಣಿಸಿದರೆ ಹೆಚ್ಚುಕಡಿಮೆ ಪಿಸಿವಿ ಸಿಗುತ್ತದೆ. 16.4ಕ್ಕೆ 49. ಅದು ಕಾಯಿಲೆ ಏನಲ್ಲ. ಆದರೂ ನಿಮ್ಮ ಭಾವಮೈದ ಸೈಕಲ್ಲೇ ಹತ್ತದೆ, ಸಿಮೆಂಟ್ ಅಂಗಡಿಯಲ್ಲಿ ಕೂತೇ ಗೆರೆಯ ಹತ್ತಿರ ಬಂದಿದ್ದಾರೆ!

ನನ್ನ ಸಿಟ್ಟು ಅವರ ಮೇಲಲ್ಲ. ಈ ಚೀಟಿಗಳ ಮೇಲೆ. ಹೋದ ವರ್ಷ ಒಂದು ಲ್ಯಾಬಿನವರು 'ಪ್ಯಾಕೇಜ್' ಅಂತ ನನ್ನಿಂದಲೂ ರಕ್ತ ತೆಗೆದರು. ಐದು ಪುಟದ ವರದಿ ಮೊಬೈಲಿಗೆ ಬಂತು. ಅಲ್ಲಲ್ಲಿ ದಪ್ಪಕ್ಷರ, ನಕ್ಷತ್ರ ಚಿಹ್ನೆ. ನೀವು ದಿನಕ್ಕೆ ಎಷ್ಟು ನಡೆಯುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಓಡುವವನಿಗೂ ಕೂತವನಿಗೂ ಅದೇ ಗೆರೆ. ನಿಮ್ಮ 13.6 ಆ ಗೆರೆಯ ಕೆಳಗೂ ಇಲ್ಲ, ಗಂಡಸರಿಗೆ ಅದು 13. ಆದರೂ ನಿಮ್ಮ ನಿದ್ದೆ ಹೋಯಿತು.

1953ರಲ್ಲಿ ಜೆರೆಮಿ ಮಾರಿಸ್ ಎಂಬ ಡಾಕ್ಟರು ಲಂಡನ್ನಿನ ಡಬಲ್ ಡೆಕರ್ ಬಸ್ಸಿನವರ ಲೆಕ್ಕ ಹಾಕಿ ಪ್ರಕಟಿಸಿದರು. ಕೂತೇ ಇರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಎಪ್ಪತ್ತು ವರ್ಷ ದಾಟಿತು. ನಾವು ಏನು ಮಾಡಿದ್ದೇವೆ? ನೂರು ಹೆಜ್ಜೆಯ ಹಾಲಿನ ಬೂತಿಗೆ ಸ್ಕೂಟರ್. ಮಕ್ಕಳನ್ನು ಗೇಟಿನವರೆಗೆ ಆಟೋದಲ್ಲಿ ತುಂಬಿ ಕಳಿಸುವುದು. ಪರೀಕ್ಷೆ ಹತ್ತಿರ ಬಂತು ಅಂದರೆ ಆಟದ ಪೀರಿಯಡ್ಡು ಯಾರ ಪಾಲಾಗುತ್ತದೆ ಮೇಷ್ಟ್ರೇ? ಗಣಿತದವರ ಪಾಲಿಗೆ ಅಂತ ಕೇಳಿದ್ದೇನೆ. ನೀವು ಆ ಗುಂಪಿನವರಲ್ಲ ಅಂದುಕೊಳ್ಳುತ್ತೇನೆ.

ಭಾವಮೈದನನ್ನೂ ಎಬ್ಬಿಸಿ. ಪಂದ್ಯ ಹಾಕಿ ಒಂದೇ ದಿನ ಬೆಟ್ಟ ಹತ್ತಿಸುವ ಕೆಲಸ ಮಾತ್ರ ಬೇಡ. ಅಭ್ಯಾಸವಿಲ್ಲದವರು ಒಮ್ಮೆಲೇ ಮೈ ದಂಡಿಸಿದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕೆರಳುತ್ತವೆ, ಹೃದಯಾಘಾತದ ಅಪಾಯ ಆ ಹೊತ್ತಿಗೆ ನಿಜಕ್ಕೂ ಏರುತ್ತದೆ. ಮೊದಲ ಎರಡು ತಿಂಗಳು ಅಂಗಡಿ ತೆಗೆಯುವ ಮುಂಚೆ ಹಾಸನದ ಮಹಾರಾಜ ಪಾರ್ಕಿನಲ್ಲಿ ನಡೆಯಲಿ, ಮಾತಾಡಿಕೊಂಡೇ. ಆಮೇಲೆ ಮೂವರೂ ವಿಂಧ್ಯಗಿರಿಗೆ ಹೋಗೋಣ. ಚಪ್ಪಲಿ ಕೆಳಗೇ ಬಿಡಬೇಕು, ಹತ್ತು ಗಂಟೆಗೆಲ್ಲ ಬಂಡೆ ಕಾಯುತ್ತದೆ. ಬರುವಾಗ ಕಾಲುಚೀಲ ತನ್ನಿ, ನನಗೂ ಒಂದು ಜೊತೆ.