ಪ್ರಮಾಣಪತ್ರ ಕೊಡದ ಉಪನ್ಯಾಸಗಳಿಗೆ ಹೋಗುವುದು ಸಮಯ ವ್ಯರ್ಥವೇ?

ಪಿಎಚ್.ಡಿ. ಮೊದಲ ವರ್ಷ, ವಾರಕ್ಕೆ ಮೂರು ನಾಲ್ಕು ಕಾರ್ಯಕ್ರಮ. ಯಾವ ವಿಚಾರ ಸಂಕಿರಣದ ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚು, ಪ್ರಮಾಣಪತ್ರ ಕೊಡದ ಸಾರ್ವಜನಿಕ ಉಪನ್ಯಾಸಗಳನ್ನು ಬಿಡಬಹುದೇ ಎಂದು ಕೇಳಿದ್ದೀರಿ. ಕನ್ನಡ ಮಾಧ್ಯಮದಿಂದ ಬಂದವರಾದ್ದರಿಂದ ಎದ್ದು ಪ್ರಶ್ನೆ ಕೇಳಲು ಹಿಂಜರಿಕೆ ಎಂದೂ ಬರೆದಿದ್ದೀರಿ. 2012ರಲ್ಲಿ ಇತಿಹಾಸ ವಿಭಾಗಕ್ಕೆ ಸಂಶೋಧನೆಗೆಂದು ಸೇರಿದಾಗ ನಾನೂ ಇದನ್ನೇ ಒಬ್ಬ ಹಿರಿಯ ಸಂಶೋಧಕರಲ್ಲಿ ಕೇಳಿದ್ದೆ. ಅವರು ಅಧ್ಯಾಪಕರ ನೇಮಕ, ಬಡ್ತಿಗೆ ಅಂಕ ಲೆಕ್ಕ ಹಾಕುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2010ರ ನಿಯಮಾವಳಿಯ ಕೋಷ್ಟಕವನ್ನು ತೆಗೆದು ತೋರಿಸಿದರು. ಅಂತಾರಾಷ್ಟ್ರೀಯ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದರೆ 10 ಅಂಕ, ರಾಷ್ಟ್ರೀಯಕ್ಕೆ 7.5, ರಾಜ್ಯ ಮಟ್ಟಕ್ಕೆ 5. ಸುಮ್ಮನೆ ಕುಳಿತು ಕೇಳಿದವನಿಗೆ ಅಲ್ಲಿ ಒಂದು ಸಾಲೂ ಇರಲಿಲ್ಲ. ಆ ಕೋಷ್ಟಕವನ್ನು ನಾನು ನಂಬಿದೆ. ಅದರಿಂದ ನನ್ನ ಒಂದೂವರೆ ವರ್ಷ ಮತ್ತು ಒಂದು ಕೆಲಸ ಹೋಯಿತು.

ನನ್ನ ವಿಷಯ ಕೋಲಾರ ಸೀಮೆಯ ಕೆರೆ ಶಾಸನಗಳು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟ, 1905ರಲ್ಲಿ ಅಚ್ಚಾದದ್ದು, ಎರಡು ವರ್ಷ ನನ್ನ ಮೇಜಿನಿಂದ ಕದಲಲಿಲ್ಲ. ಅದರಲ್ಲಿದ್ದ ವಿಜಯನಗರ ಕಾಲದ ಒಂದು ಸಣ್ಣ ಶಾಸನದ ಮೇಲೆ ಮೂರನೆಯ ಅಧ್ಯಾಯವನ್ನೇ ನಿಲ್ಲಿಸಿದ್ದೆ. ಏಳು ಸಾಲು ಓದಲು ಸಿಗುತ್ತಿತ್ತು, ಅಲ್ಲಿಂದ ಮುಂದೆ ಚುಕ್ಕಿಗಳು. ಏಳನೆಯ ಸಾಲಿನಲ್ಲಿ ದೇವರ ಹೆಸರು ಬರುತ್ತದೆ, ಕೆರೆಯ ಕೆಳಗಿನ ಗದ್ದೆಯ ಮಾತು ಬರುತ್ತದೆ. ಗದ್ದೆ ದೇವಸ್ಥಾನಕ್ಕೆ ಹೋಯಿತು, ಆದ್ದರಿಂದ ಕೆರೆಯ ಹಿಡಿತವೂ ದೇವಸ್ಥಾನದ ಕೈಯಲ್ಲಿತ್ತು ಎಂಬುದು ನನ್ನ ವಾದ.

2014ರಲ್ಲಿ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ವಿಚಾರ ಸಂಕಿರಣ. ಉದ್ಘಾಟನೆ ತಡವಾಯಿತು, ಆಶಯ ಭಾಷಣ ಮುಗಿಯುವಾಗ ಹನ್ನೆರಡೂವರೆ ಆಗಿತ್ತು, ನಮ್ಮ ಗೋಷ್ಠಿಗೆ ಉಳಿದದ್ದು ಮುಕ್ಕಾಲು ಗಂಟೆ. ಆರು ಜನ ಮಂಡಿಸಬೇಕು. ನಾನು ಇಂಗ್ಲಿಷಿನಲ್ಲಿ ಎಂಟು ನಿಮಿಷ ಓದಿದೆ. ಓದಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿ ಬಿಳಿ ಅರ್ಧತೋಳಿನ ಶರ್ಟಿನ ಹಿರಿಯರೊಬ್ಬರು ಎದ್ದು ನಿಂತರು. ಎದೆಯ ಮೇಲೆ ಪ್ರತಿನಿಧಿಯ ಬಿಲ್ಲೆ ಇರಲಿಲ್ಲ. ಕನ್ನಡದಲ್ಲಿ ಕೇಳಿದರು: ‘ಆ ಕಲ್ಲಿನ ಕೆಳಭಾಗವನ್ನು ನೋಡಿದ್ದೀರಾ? ಹೂಳೆತ್ತಿದಾಗ ಅದರಲ್ಲಿ ಇನ್ನೂ ಅಕ್ಷರ ಇತ್ತು.’

ಇಲ್ಲಿ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಅದು ತಪ್ಪೆಂದೇ ಕಾಣುವುದಿಲ್ಲ. ನಾನು ಒರಟಾಗಿ ಮಾತನಾಡಲಿಲ್ಲ. ‘ಧನ್ಯವಾದ ಸರ್, ಈ ಪ್ರಬಂಧ ಪ್ರಕಟಿತ ಪಾಠಗಳಿಗೆ ಸೀಮಿತವಾದದ್ದು’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಗೋಷ್ಠಿಯ ಅಧ್ಯಕ್ಷರು ತಲೆದೂಗಿದರು, ಗಂಟೆ ಬಾರಿಸಿದರು, ಮುಂದಿನವರು ಬಂದರು. ಆ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಅವರು ಕೇಳಿದ್ದು ಪ್ರಬಂಧದ ವ್ಯಾಪ್ತಿಯ ಬಗ್ಗೆ ಅಲ್ಲ, ಕಲ್ಲಿನ ಬಗ್ಗೆ. ಕಲ್ಲನ್ನು ಕಣ್ಣಾರೆ ನೋಡಿದವರು ನೋಡದವನಿಗೆ ಒಂದು ಸುದ್ದಿ ಕೊಡಲು ಎದ್ದಿದ್ದರು. ನಾನು ಅದನ್ನು ಪರೀಕ್ಷೆ ಎಂದುಕೊಂಡೆ. ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದನ್ನೇ ಉತ್ತರ ಎಂದುಕೊಂಡೆ. ಕನ್ನಡದಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಎಂಬುದು ನನಗೆ ಒಳಗೊಳಗೇ ಗೊತ್ತಿತ್ತು, ಹಾಗಾಗಿಯೇ ಇಂಗ್ಲಿಷಿನಲ್ಲಿ ಹೇಳಿದೆ. ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳು ಬೇಕಾದವು.

ಅದಾದ ಮೇಲೂ ಸರಿಪಡಿಸಿಕೊಳ್ಳಲು ಅವಕಾಶ ಇತ್ತು. ಊಟದ ಹೊತ್ತಿಗೆ ಅವರು ಬಾಗಿಲ ಬಳಿ ನಿಂತಿದ್ದರು. ಬಹುಶಃ ನನಗಾಗಿಯೇ. ನಾನು ಇನ್ನೊಂದು ಬದಿಯಲ್ಲಿ ಪ್ರಮಾಣಪತ್ರದ ಸಾಲಿನಲ್ಲಿದ್ದೆ, ನನ್ನ ಮುಂದೆ ಹತ್ತು ಹನ್ನೆರಡು ಜನ. ಸಾಲು ಬಿಟ್ಟು ಹೋದರೆ ಮತ್ತೆ ಹಿಂದಿನಿಂದ ನಿಲ್ಲಬೇಕು, ಎರಡೂವರೆಯ ಬಸ್ಸು ತಪ್ಪುತ್ತದೆ. ಸಾಲಿನಲ್ಲೇ ಉಳಿದೆ. ಹೆಸರು ತಪ್ಪಿಲ್ಲದೆ ಬರೆದಿದ್ದಾರೆಯೇ ಎಂದು ನೋಡಿ, ಹಾಳೆಯನ್ನು ಫೈಲಿಗೆ ಹಾಕಿ ತಲೆ ಎತ್ತುವಾಗ ಅವರು ಹೊರಟುಹೋಗಿದ್ದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲೂ ಇಲ್ಲ. ಮಧ್ಯಾಹ್ನದ ಗೋಷ್ಠಿಗಳಿಗೆ ಕೂರಲಿಲ್ಲ.

ನಾಲ್ಕು ವರ್ಷಗಳ ನಂತರ ಮಹಾಪ್ರಬಂಧದ ಬಗ್ಗೆ ಪರೀಕ್ಷಕರೊಬ್ಬರ ವರದಿ ಬಂತು. ಮೂರನೆಯ ಅಧ್ಯಾಯದ ಮುಖ್ಯ ಆಧಾರ ಅಪೂರ್ಣ ಪಾಠ, ಮೂಲ ಶಿಲೆಯನ್ನು ಸಂಶೋಧಕರು ನೋಡಿಲ್ಲ, ತಿದ್ದಿ ಮತ್ತೆ ಸಲ್ಲಿಸಬೇಕು. ಶಿಷ್ಯವೇತನ ಮುಗಿದು ಒಂದು ವರ್ಷ ಆಗಿತ್ತು. ಪದವಿ ಕೈಗೆ ಬಂದ ಕೂಡಲೇ ಸೇರಿಸಿಕೊಳ್ಳುತ್ತೇವೆ ಎಂದಿದ್ದ ಒಂದು ಕಾಲೇಜು ಜೂನ್‌ವರೆಗೆ ಕಾದು ಬೇರೆಯವರನ್ನು ತೆಗೆದುಕೊಂಡಿತು. ಆ ವಾರವೇ ಶಾಸನವಿದ್ದ ಊರಿಗೆ ಹೋದೆ. ಕಲ್ಲು ಇತ್ತು. ಆದರೆ ತೂಬಿನ ದುರಸ್ತಿಯಲ್ಲಿ ಅದನ್ನು ಎತ್ತಿ, ಏರಿಯ ಪಕ್ಕ ಸೊಂಟದವರೆಗೆ ಸಿಮೆಂಟಿನಲ್ಲಿ ಹೂತು ನಿಲ್ಲಿಸಿದ್ದರು. ರೈಸ್ ಅವರ ಪುಸ್ತಕದಲ್ಲಿದ್ದ ಏಳು ಸಾಲು ಮಾತ್ರ ಮೇಲಿತ್ತು. ಕೆಳಗಿನ ಅಕ್ಷರಗಳನ್ನು ನೋಡಿದ್ದವರೆಂದು ನನಗೆ ಗೊತ್ತಿದ್ದವರು ಒಬ್ಬರೇ, ಅವರ ಹೆಸರನ್ನು ನಾನು ಕೇಳಿರಲಿಲ್ಲ.

ಆ ಸಂಕಿರಣದ ಸಂಘಟಕರ ಬಳಿ ಹೋದೆ. ನೋಂದಣಿ ಪುಸ್ತಕದಲ್ಲಿ ಪ್ರಮಾಣಪತ್ರ ಪಡೆದವರ ಹೆಸರುಗಳಷ್ಟೇ ಇದ್ದವು. ಅಲ್ಲಿದ್ದ ಕಚೇರಿ ಸಹಾಯಕರೊಬ್ಬರು, ‘ಅವರು ಎಲ್ಲ ಉಪನ್ಯಾಸಕ್ಕೂ ಬರುತ್ತಾರೆ, ನೀವೂ ಬರುತ್ತಿರಿ’ ಎಂದರು. ಹಾಗಾಗಿ ಬರತೊಡಗಿದೆ. ವಿಶ್ವವಿದ್ಯಾಲಯದ ವಿಭಾಗಗಳು, ಬಸವನಗುಡಿಯ ಕಡೆ ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಎಲ್ಲಿ ಬಾಗಿಲು ತೆರೆದಿರುತ್ತದೋ ಅಲ್ಲಿಗೆ. ಮೊದಲ ಕೆಲವು ವಾರ ಮಾತು ಕಿವಿಗೆ ಬೀಳುತ್ತಲೇ ಇರಲಿಲ್ಲ, ಸಭಿಕರ ಮುಖಗಳನ್ನೇ ನೋಡುತ್ತಿದ್ದೆ. ಆಮೇಲೆ ಕೇಳಿಸತೊಡಗಿತು. ಮಣ್ಣಿನ ಬಗ್ಗೆ ಮಾತನಾಡಿದ ಒಬ್ಬ ವಿಜ್ಞಾನಿಯಿಂದ ಹೂಳು ಎಲ್ಲಿಂದ ಬರುತ್ತದೆ ಎಂದು ತಿಳಿಯಿತು. ಕೆರೆಯ ಮೇಲೆ ಆರು ವರ್ಷ ಕೆಲಸ ಮಾಡಿದವನು ನಾನು, ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ.

ಅವರು ಸಿಕ್ಕಿದ್ದು ಅಕ್ಟೋಬರ್ 2ರಂದು, ರಾಮನ್ ಸಂಶೋಧನಾ ಸಂಸ್ಥೆಯ ಗಾಂಧಿ ಸ್ಮಾರಕ ಉಪನ್ಯಾಸದಲ್ಲಿ. ಸಿ.ವಿ. ರಾಮನ್ ತಾವೇ ಆರಂಭಿಸಿದ ಉಪನ್ಯಾಸ ಅದು. 1970ರ ಅಕ್ಟೋಬರ್ 2ರಂದು ಅವರು ಅಲ್ಲಿ ಕೊನೆಯ ಬಾರಿ ಮಾತನಾಡಿದ್ದು ಕಿವಿಯ ಒಳರಚನೆಯ ಬಗ್ಗೆ, ಅದೇ ನವೆಂಬರ್ 21ರಂದು ತೀರಿಕೊಂಡರು. ಈ ವಿಷಯ ನನಗೆ ಹೇಳಿದವರು ಆ ಹಿರಿಯರೇ. ಉಪನ್ಯಾಸ ಮುಗಿದ ಮೇಲೆ ಓಡಿಹೋಗಿ ಎದುರು ನಿಂತೆ. ನನ್ನ ಗುರುತು ಅವರಿಗೆ ಸಿಗಲಿಲ್ಲ, ಕಲ್ಲಿನ ಹೆಸರು ಹೇಳಿದ ಕೂಡಲೇ ಸಿಕ್ಕಿತು. ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಹೂಳೆತ್ತುವ ಕೆಲಸದ ಉಸ್ತುವಾರಿಯಲ್ಲಿದ್ದಾಗ ಕಲ್ಲಿನ ಬುಡದಲ್ಲಿ ಅಕ್ಷರ ಕಂಡು, ಸುಣ್ಣದ ಪುಡಿ ಉಜ್ಜಿ ಫೋಟೋ ತೆಗೆಸಿ ಇಟ್ಟಿದ್ದರು. ಅದರ ಒಂದು ಪ್ರತಿಯನ್ನು ಅಂದು ಸಂಕಿರಣಕ್ಕೂ ತಂದಿದ್ದರಂತೆ. ನಾನು ಸಾಲಿನಲ್ಲಿ ನಿಂತಿದ್ದಾಗ ಅದು ಅವರ ಕೈಚೀಲದಲ್ಲಿತ್ತು.

ಕೆಳಗಿನ ಐದು ಸಾಲು ನನ್ನ ವಾದವನ್ನು ಮಗುಚಿದವು. ಗದ್ದೆ ಹೋದದ್ದು ದೇವಸ್ಥಾನಕ್ಕಲ್ಲ. ಒಡೆದ ಏರಿಯನ್ನು ಕಟ್ಟಿಸಿದವನಿಗೆ ಕಟ್ಟುಕೊಡಗೆಯಾಗಿ, ಅಂದರೆ ಆ ಕೆಲಸಕ್ಕೆ ಪ್ರತಿಯಾಗಿ ಕೊಟ್ಟ ಭೂಮಿಯಾಗಿ, ತೆರಿಗೆಯಿಲ್ಲದೆ. ದೇವರ ಹೆಸರು ಬಂದದ್ದು ಗದ್ದೆಯ ಎಲ್ಲೆ ಹೇಳುವಾಗ.

ಈಗ ನಿಮ್ಮ ಪ್ರಶ್ನೆಗೆ. ಯಾವ ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚು ಎಂದು ನಾನು ಹೇಳುವುದಿಲ್ಲ, ಆ ಲೆಕ್ಕವೇ ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ. ಅಂಕಗಳ ನಿಯಮ ಎಷ್ಟು ಬೇಗ ಬದಲಾಗುತ್ತದೆ ನೋಡಿ: ಪಿಎಚ್.ಡಿ. ಸಲ್ಲಿಸುವ ಮೊದಲು ಎರಡು ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಲೇಬೇಕು ಎಂದು 2016ರ ಯುಜಿಸಿ ನಿಯಮ ಹೇಳಿತ್ತು, 2022ರ ನಿಯಮ ಆ ಕಡ್ಡಾಯವನ್ನು ಕೈಬಿಟ್ಟಿತು. ನಿಮ್ಮ ವಿಶ್ವವಿದ್ಯಾಲಯ ಈಗಲೂ ಕೇಳುತ್ತಿದ್ದರೆ ಎಷ್ಟು ಬೇಕೋ ಅಷ್ಟನ್ನು ಮುಗಿಸಿಬಿಡಿ. ಉಳಿದ ಸಂಜೆಗಳನ್ನು ನೋಂದಣಿಯೇ ಇಲ್ಲದ ಉಪನ್ಯಾಸಗಳಿಗೆ ಕೊಡಿ. ಅಲ್ಲಿಗೆ ಬರುವವರು ವಿಷಯಕ್ಕಾಗಿ ಬಂದಿರುತ್ತಾರೆ.

ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. ಭಾಷಣಕಾರರಿಗೆ ಕನ್ನಡ ಬಾರದಿದ್ದರೆ ಅಧ್ಯಕ್ಷರು ಅನುವಾದಿಸಲಿ, ಅದು ಅವರ ಕೆಲಸ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಸಣ್ಣ ಪುಸ್ತಕಗಳನ್ನು ಹಳೆಯ ಗ್ರಂಥಾಲಯಗಳಲ್ಲಿ ಹುಡುಕಿ ಓದಿ. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾಡಿದ ಭಾಷಣಗಳೇ ಪುಸ್ತಕವಾದ ಪರಂಪರೆ ಅದು. ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಕನ್ನಡದಲ್ಲಿ ಎದ್ದು ನಿಲ್ಲುವವರು ಯಾರ ಅನುಮತಿಗೂ ಕಾಯಬೇಕಾಗಿಲ್ಲ.

ನೀವೇ ಮಂಡಿಸುವ ದಿನ ಗೆಳೆಯರೊಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಕೇಳಿದವರ ಪ್ರಶ್ನೆ, ಹೆಸರು, ದೂರವಾಣಿ ಸಂಖ್ಯೆ ಬರೆದುಕೊಳ್ಳಲು ಹೇಳಿ. ವೇದಿಕೆಯ ಮೇಲಿದ್ದಾಗ ನಮಗೆ ನೆನಪು ನಿಲ್ಲುವುದಿಲ್ಲ. ಗೊತ್ತಿಲ್ಲದಿದ್ದರೆ ‘ನೋಡಿಲ್ಲ, ಊಟದ ಹೊತ್ತಿಗೆ ಸಿಗುತ್ತೀರಾ?’ ಎನ್ನಿ. ಸಂಜೆಯವರೆಗೂ ಇರಿ, ಬಸ್ಸು ಮರುದಿನವೂ ಇರುತ್ತದೆ.

ಆ ಫೋಟೋ ಈಗ ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯದ ಮೊದಲ ಪುಟದಲ್ಲಿದೆ. ನನ್ನ ಸಾರ್ವಜನಿಕ ಮೌಖಿಕ ಪರೀಕ್ಷೆಯ ದಿನ ಅವರು ಬಂದಿದ್ದರು, ಅದೇ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಪ್ರಶ್ನೆಗಳ ಸಮಯ ಬಂದಾಗ ಮೊದಲು ಎದ್ದು ನಿಂತವರು ಅವರೇ. ಹನ್ನೊಂದನೆಯ ಸಾಲಿನ ಒಂದು ಅಕ್ಷರವನ್ನು ನಾನು ‘ವ’ ಎಂದು ಓದಿದ್ದೆ, ಅದು ‘ಮ’ ಇರಬಹುದಲ್ಲವೇ ಎಂದು ಕೇಳಿದರು. ಅದು ಇನ್ನೂ ತೀರ್ಮಾನವಾಗಿಲ್ಲ, ಮುಂದಿನ ತಿಂಗಳು ಇಬ್ಬರೂ ಮತ್ತೆ ಆ ಫೋಟೋವನ್ನು ದೊಡ್ಡದು ಮಾಡಿಸಿ ನೋಡುವವರಿದ್ದೇವೆ.