ಅಂಗಡಿ ಆಟಕ್ಕೊಂದು ಕ್ಯೂಆರ್ ಕೋಡ್: ಪುಟ್ಟ ಮಕ್ಕಳ ಆಟ, ಓದುಗರ ಪ್ರಶ್ನೆ

ಪ್ರಶ್ನೆ: ನಮ್ಮ ಅಂಗನವಾಡಿಗೆ ಊರಿನವರು ಎರಡು ಕೆಟ್ಟ ಮೊಬೈಲು, ಒಂದು ಹಳೇ ಕೀಬೋರ್ಡು, ಒಂದು ಟಿವಿ ಕೊಟ್ಟಿದ್ದಾರೆ. 3ರಿಂದ 6 ವರ್ಷದ ಮಕ್ಕಳ ಆಟಕ್ಕೆ ಇವನ್ನು ಬಳಸಬಹುದೇ?
– ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ಉತ್ತರ: ಕೀಬೋರ್ಡು ಧಾರಾಳವಾಗಿ ಕೊಡಿ. ಅದಕ್ಕೂ ಮೊದಲು ವೈರನ್ನು ಬುಡಕ್ಕೇ ಕತ್ತರಿಸಿ; ಉದ್ದ ಬಿಟ್ಟರೆ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವಿದೆ. ಅಲ್ಲಾಡುವ ಗುಂಡಿಗಳನ್ನು ಕಿತ್ತೇಬಿಡಿ, ಇಲ್ಲದಿದ್ದರೆ ಅವು ಬಾಯಿಗೆ ಹೋಗುತ್ತವೆ. ಮೊಬೈಲಿನ ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿ ಕೊಡಿ. ಈಗಿನ ಫೋನುಗಳಲ್ಲಿ ಬ್ಯಾಟರಿ ಒಳಗೇ ಅಂಟಿಕೊಂಡಿರುತ್ತದೆ. ಬಿದ್ದು ಜಜ್ಜಿ, ಉಬ್ಬಿ, ಬೆಂಕಿ ಹತ್ತಬಹುದು. ಅಂಥದ್ದು ಬೇಡವೇ ಬೇಡ.

ನಿಜ ಹೇಳಬೇಕೆಂದರೆ ರಟ್ಟಿನ ಫೋನೇ ವಾಸಿ. 15 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಎರಡು ರಟ್ಟು ಅಂಟಿಸಿ, ಮೇಲೆ ಕಪ್ಪು ಕಾಗದ ಹಚ್ಚಿ, ಸುತ್ತ ಪಾರದರ್ಶಕ ಟೇಪು ಸುತ್ತಿದರೆ ಮುಗಿಯಿತು. ಬೆಳಗುವ ಪರದೆ ಸಿಕ್ಕಿದರೆ ಮಗು ಮಾತು ನಿಲ್ಲಿಸಿ ಅದನ್ನೇ ನೋಡುತ್ತದೆ. ರಟ್ಟಿನ ಫೋನಿನಲ್ಲಿ ಆ ಕಡೆಯವರ ಮಾತನ್ನೂ ತಾನೇ ಊಹಿಸಿಕೊಳ್ಳಬೇಕು: "ಹಲೋ ಅಜ್ಜಿ, ಊಟ ಆತೇನ?... ಹ್ಞೂಂ... ಜ್ವರಾ ಬಂದೈತಾ?" ನಡುವಿನ ಆ "ಹ್ಞೂಂ"ಗೆ ಮುಂಚಿನ ಮೌನವನ್ನು ಗಮನಿಸಿ. ಕಾಣದ ಅಜ್ಜಿ ಮಾತಾಡಿ ಮುಗಿಸಲು ಎಷ್ಟು ಹೊತ್ತು ಬೇಕೆಂದು ಮಗು ಲೆಕ್ಕ ಹಾಕಿರುತ್ತದೆ.

2 ವರ್ಷದ ಮಗುವಿಗೆ ಫೋನಿನಂತೆಯೇ ಕಾಣುವ ವಸ್ತು ಬೇಕು. 4ರ ಹೊತ್ತಿಗೆ ಮರದ ತುಂಡೂ ಫೋನಾಗುತ್ತದೆ. ಕೋಲನ್ನು ಕುದುರೆ ಮಾಡಿಕೊಂಡ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳಲು ಕಲಿಯುತ್ತಿದೆ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ 1933ರಲ್ಲೇ ವಿವರಿಸಿದ್ದರು. ಆದ್ದರಿಂದ ದೊಡ್ಡ ಮಕ್ಕಳಿಗೆ ಎಲ್ಲವನ್ನೂ ತಯಾರಿಸಿ ಕೊಡಬೇಡಿ.

ಇನ್ನು ಅಂಗಡಿ ಆಟ. ಒಂದು ಮೂಲೆ, ಒಂದು ಬೆಂಚು, ಏಳೆಂಟು ಖಾಲಿ ಪೊಟ್ಟಣ, ತೆಂಗಿನ ಚಿಪ್ಪಿನ ತಕ್ಕಡಿ, ಕೀಬೋರ್ಡು, ಎರಡು ರಟ್ಟಿನ ಫೋನು ಸಾಕು. ಕ್ಯೂಆರ್ ಕೋಡನ್ನು ಮಕ್ಕಳೇ ಚೌಕಳಿ ಕಾಗದದಲ್ಲಿ ಕಪ್ಪು-ಬಿಳುಪಾಗಿ ತುಂಬಲಿ. ದುಡ್ಡು ಬಂದಾಗ ಕೂಗುವ ಪೆಟ್ಟಿಗೆಗೆ ಸೋಪಿನ ಡಬ್ಬಿ ಇಡಿ. "ಐವತ್ತು ರೂಪಾಯಿ ಬಂದಿದೆ" ಎಂದು ಕೂಗಲು ಒಂದು ಮಗು ಕೂತರೆ ಅದೂ ಒಂದು ಪಾತ್ರವೇ. ಒಂದು ಸಲಕ್ಕೆ ನಾಲ್ಕೈದು ಮಕ್ಕಳು ಇರಲಿ, ಕನಿಷ್ಠ 30-40 ನಿಮಿಷ ಬಿಡಿ. ಯಾರು ಯಾವ ಪಾತ್ರ ಎಂಬ ಚೌಕಾಸಿಗೇ ಮೊದಲ ಹತ್ತು ನಿಮಿಷ ಹೋಗುತ್ತದೆ, ಹೋಗಲಿ. 15 ನಿಮಿಷಕ್ಕೆ ಚಪ್ಪಾಳೆ ತಟ್ಟಿ ಎಬ್ಬಿಸಿದರೆ ಆಟ ಶುರುವಾಗುವ ಮೊದಲೇ ಮುಗಿದಂತೆ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಸಾಮಾನು ಹೆಚ್ಚಾದರೆ ಮಕ್ಕಳು ಜೋಡಿಸುವುದರಲ್ಲೇ ಮುಳುಗುತ್ತಾರೆ, ವ್ಯಾಪಾರ ನಡೆಯುವುದಿಲ್ಲ. ಇನ್ನೊಂದು, ಟೀಚರ್ ಪಕ್ಕದಲ್ಲಿ ನಿಂತು "ಹೀಗೆ ಹೇಳು" ಅನ್ನುವುದು. ಆಟ ಸಪ್ಪೆಯಾದರೆ ನೀವೇ ಗಿರಾಕಿಯಾಗಿ ಹೋಗಿ: "ಅಣ್ಣಾ, ಅರ್ಧ ಕೆ.ಜಿ. ಉಳ್ಳಾಗಡ್ಡಿ ಕೊಡು. ಅಯ್ಯ, ನೆಟ್‌ವರ್ಕ್ ಇಲ್ಲಲ್ಲ!" ಅಷ್ಟು ಹೇಳಿ ಸುಮ್ಮನಾಗಿ. ಉದ್ರಿ ಬರೆದುಕೊಳ್ಳುವುದೋ, ಸಾಮಾನು ವಾಪಸ್ ಇಡಿಸುವುದೋ, ಅವರೇ ತೀರ್ಮಾನಿಸುತ್ತಾರೆ.

ಟಿವಿಯನ್ನು ಆಟದ ಹೊತ್ತಿನಲ್ಲಿ ಹಾಕಬೇಡಿ. ಮಕ್ಕಳು ನೋಡಿರದ ರೈಲು ನಿಲ್ದಾಣದಂಥ ಜಾಗದ ಆಟ ಆಡಿಸುವಾಗ ಮಾತ್ರ, ಮೊದಲು ಎರಡು-ಮೂರು ನಿಮಿಷದ ವಿಡಿಯೊ ತೋರಿಸಿ, ಟಿಕೆಟ್ ಕೊಡುವವರು, ಗಾರ್ಡು, ಕೂಲಿ ಯಾರ‍್ಯಾರೆಂದು ಮಾತಾಡಿ, ಆರಿಸಿಬಿಡಿ. ಊರಲ್ಲೇ ಇರುವ ಹಿಟ್ಟಿನ ಗಿರಣಿಗೆ ವಿಡಿಯೊ ಯಾಕೆ? ಕರೆದುಕೊಂಡು ಹೋಗಿ.

ಪ್ರಶ್ನೆ: 4 ವರ್ಷದ ಮಗಳಿಗೆ ಲೈಟು, ಹಾಡು ಎಲ್ಲ ಇರುವ ಅಡುಗೆ ಸೆಟ್ ತಂದೆವು. ಎರಡೇ ದಿನಕ್ಕೆ ಬೇಜಾರಾಗಿದೆ. ಯಾಕೆ?
– ತಾಯಿ, ಬೆಂಗಳೂರು

ಉತ್ತರ: ಗುಂಡಿ ಒತ್ತಿದರೆ ಒಲೆಯೇ "ಚುಯ್" ಅನ್ನುತ್ತದೆ, ಮಗಳಿಗೆ ಮಾಡಲು ಉಳಿದದ್ದು ಒತ್ತುವುದೊಂದೇ. ಬ್ಯಾಟರಿ ತೆಗೆದು ಮತ್ತೆ ಕೊಟ್ಟು ನೋಡಿ. ಜತೆಗೆ ಮನೆಯ ಒಂದು ಸಣ್ಣ ಪಾತ್ರೆ, ಸೌಟು, ಒಂದಿಷ್ಟು ಎಲೆ ಇಡಿ.

ಬ್ಯಾಟರಿ ವಿಷಯ ಬಂತು, ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಕೊಳ್ಳಬೇಡಿ. ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. 20 ಮಿ.ಮೀ. ಅಗಲದ ನಾಣ್ಯದಂಥ ಲಿಥಿಯಂ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದರ ವಿದ್ಯುತ್ತಿನಿಂದ ಅಲ್ಲೇ ಕ್ಷಾರ ಹುಟ್ಟಿ ಎರಡು ಗಂಟೆಯೊಳಗೆ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆ ಆಗಿರದಿದ್ದರೆ, ಗುಟುಕರಿಸಲು ಬರುತ್ತಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಆರು ಸಲ ಮೀರದಂತೆ. ಜೇನು ಹುಡುಕುತ್ತಾ ಹೊರಡುವುದು ತಡವಾಗಬಾರದು.

ಪ್ರಶ್ನೆ: ಟ್ಯಾಬ್ಲೆಟ್ಟಿನಲ್ಲಿ ದೋಸೆ ಹುಯ್ಯುವ ಆ್ಯಪ್ ಇದೆ. ಅದೂ ಅಡುಗೆ ಆಟವೇ ಅಲ್ಲವೇ?
– ತಂದೆ, ತುಮಕೂರು

ಉತ್ತರ: ಅಲ್ಲ. ಅಲ್ಲಿ ದೋಸೆ ಕಪ್ಪಾಗುವುದೂ ಆ್ಯಪ್ ಮಾಡಿದವರ ಇಷ್ಟದಂತೆ. 2ರಿಂದ 5 ವರ್ಷದವರಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ. ಆ ಗಂಟೆಯೊಳಗೆ ಆಡಿದರೆ ಅಡ್ಡಿಯಿಲ್ಲ.

ಪ್ರಶ್ನೆ: ಮೊಮ್ಮಗ ಅಮೆರಿಕದಲ್ಲಿದ್ದಾನೆ, ಎರಡೂವರೆ ವರ್ಷ. ವಿಡಿಯೊ ಕರೆ ಮಾಡಿದರೆ ಎರಡು ನಿಮಿಷಕ್ಕೇ ಎದ್ದು ಓಡುತ್ತಾನೆ.
– ಅಜ್ಜಿ, ದಾವಣಗೆರೆ

ಉತ್ತರ: "ಊಟ ಆಯ್ತಾ, ಏನು ಮಾಡ್ತಿದ್ದೀಯ" ಎಂಬ ಪ್ರಶ್ನೆಗಳು ಆ ವಯಸ್ಸಿಗೆ ಬೇಸರ. ಎರಡೂ ಮನೆಯಲ್ಲಿ ಒಂದೊಂದು ಲೋಟ, ಒಂದೊಂದು ಗೊಂಬೆ ಇಟ್ಟುಕೊಳ್ಳಿ. ಅಲ್ಲಿ ಫೋನನ್ನು ಕೈಗೆ ಕೊಡದೆ, ನೆಲದಲ್ಲಿ ಅವನ ಎದೆಯೆತ್ತರಕ್ಕೆ ಒರಗಿಸಿಡಲು ಸೊಸೆಗೆ ಹೇಳಿ. ಅವನು ಪರದೆಗೆ ಲೋಟ ಹಿಡಿದರೆ ನೀವು ಕುಡಿದು "ಸಕ್ಕರೆ ಸಾಲದು ಪುಟ್ಟಾ" ಅನ್ನಿ, ಅವನು ತರಲು ಓಡುತ್ತಾನೆ. ದನಿ ತಲುಪಲು ಕ್ಷಣ ತಡವಾಗುವುದರಿಂದ ಅವನ ಉತ್ತರಕ್ಕೆ ಕಾಯಿರಿ. ಒಟ್ಟೊಟ್ಟಿಗೆ ಮಾತಾಡಿದರೆ ಆಟ ಕಡಿದುಹೋಗುತ್ತದೆ.